ಮೇಜರ್ ಗೆಲ್ಲದವನ ಪರವಾಗಿ

ಪ್ರತಿ ವರ್ಷ ದೀಪಾವಳಿಗೆ ಮುಂಚೆ ಮನೆಯ ಜೇಡರ ಬಲೆ ಹೊಡೆಯುವಾಗ ನಾನು ತಲೆಗೊಂದು ಬಿಳಿ ಟೋಪಿ ಹಾಕಿಕೊಳ್ಳುತ್ತೇನೆ. ಸಾಮಾನ್ಯ ಟೋಪಿಯಲ್ಲ, ಗಾಲ್ಫ್ ಟೋಪಿ. ಮುಂದೆ ಚಾಚಿದ ಅಂಚು, ಹಿಂದೆ ಬಿಗಿಮಾಡುವ ಪಟ್ಟಿ, ಹಣೆಯ ಮೇಲೆ ಹಸಿರು ದಾರದಲ್ಲಿ ಹೊಲಿದ ಪಂದ್ಯದ ಹೆಸರು. ಹೆಸರಿನ ಅರ್ಧ ದಾರ ವಾಷಿಂಗ್ ಮೆಷೀನಿನ ಪಾಲಾಗಿದೆ. ನಮ್ಮದು ದಿಲ್ಲಿಯ ಪಕ್ಕದ ಇಂದಿರಾಪುರಂನಲ್ಲಿ ಹನ್ನೊಂದನೆಯ ಮಹಡಿ. ಲಿಫ್ಟ್ ಕೆಟ್ಟ ದಿನ ತರಕಾರಿ ಚೀಲ ಹಿಡಿದು ನಾನೇ ಆರನೆಯ ಮಹಡಿಯಲ್ಲಿ ಕುಳಿತುಬಿಡುತ್ತೇನೆ, ಈ ಜೇಡಗಳು ಮಾತ್ರ ಅಷ್ಟು ಎತ್ತರಕ್ಕೆ ಹೇಗೆ ಹತ್ತಿ ಬರುತ್ತವೋ ದೇವರೇ ಬಲ್ಲ.

ಈ ಸಲವೂ ಹಾಗೆಯೇ ಟೋಪಿ ಹಾಕಿ, ಸೆರಗು ಸಿಕ್ಕಿಸಿ, ಸ್ಟೂಲು ಹತ್ತಿ, ಉದ್ದ ಪೊರಕೆ ಎತ್ತಿದ್ದೆ. ನನ್ನ ಗಂಡ ಶ್ರೀಪತಿ ಕಾಫಿ ಲೋಟ ಹಿಡಿದು ಸೋಫಾದಲ್ಲಿ ಕುಳಿತಿದ್ದವರು ಟೋಪಿಯನ್ನು ನೋಡಿ, "ಆ ಪಂದ್ಯಕ್ಕೆ ಬಂದಿದ್ದನಲ್ಲೇ ಸುಧಾ, ಅವನಿಗೆ ಈ ವರ್ಷ ಇನ್ನೊಂದು ಮೇಜರ್ ಬಂತು," ಎಂದರು.

ಸ್ಟೂಲಿನ ಮೇಲೆ ನಿಂತು ಪೊರಕೆ ಹಿಡಿದ ಹೆಂಗಸಿಗೆ ಇಂಥ ಮಾತು ಹೇಳುವುದಕ್ಕೆ ಧೈರ್ಯ ಬೇಕು. "ಬಂದರೆ ಬರಲಿ. ಕಾಲು ಮೇಲೆತ್ತಿ, ಕಸ ಬೀಳುತ್ತೆ," ಎಂದೆ.

ಗಾಲ್ಫ್ ನಿಮಗೆ ಗೊತ್ತಿಲ್ಲದಿದ್ದರೆ ಸಂಕೋಚ ಬೇಡ, ನನಗೂ ಗೊತ್ತಿರಲಿಲ್ಲ. ವರ್ಷಪೂರ್ತಿ ಲೋಕದ ಎಲ್ಲ ಕಡೆ ಪಂದ್ಯಗಳು ನಡೆಯುತ್ತವಂತೆ. ಅವುಗಳಲ್ಲಿ ನಾಲ್ಕನ್ನು ಮಾತ್ರ ಮೇಜರ್ ಎನ್ನುತ್ತಾರೆ. ಮೂರು ಅಮೆರಿಕದಲ್ಲಿ, ಒಂದು ಬ್ರಿಟನ್ನಿನಲ್ಲಿ. ಉಳಿದ ಪಂದ್ಯಗಳನ್ನು ಎಷ್ಟು ಗೆದ್ದರೂ ಅದು ಮದುವೆಗೆ ಮುಂಚಿನ ಚಪ್ಪರದ ಹಾಗೆ. ಮೇಜರ್ ಗೆದ್ದರೇ ತಾಳಿ ಕಟ್ಟಿದಂತೆ. ಯಾರ ಹತ್ತಿರ ಎಷ್ಟು ಮೇಜರ್ ಇದೆ ಎಂದು ಎಣಿಸಿ, ಇವನು ದೊಡ್ಡವನು, ಅವನು ಅವನಿಗಿಂತ ದೊಡ್ಡವನು, ಇವನಿಗೆ ಒಂದೂ ಇಲ್ಲದ್ದರಿಂದ ಇವನು ಯಾರೂ ಅಲ್ಲ ಎಂದು ತೀರ್ಮಾನ ಮಾಡುತ್ತಾರೆ. ಈ ನಾಲ್ಕನ್ನು ಆರಿಸಿದವರು ಯಾರು, ನಮ್ಮ ಕಡೆಯ ಒಂದೂ ಅದರಲ್ಲಿ ಯಾಕಿಲ್ಲ ಎಂದು ಕೇಳಿದರೆ ಶ್ರೀಪತಿಯವರ ಮುಖದಲ್ಲಿ, ಸತ್ಯನಾರಾಯಣ ಪೂಜೆಯ ಮಧ್ಯೆ ಯಾರೋ ಪ್ರಸಾದ ಎಷ್ಟು ಹೊತ್ತಿಗೆ ಎಂದು ಕೇಳಿದಾಗ ಪುರೋಹಿತರ ಮುಖದಲ್ಲಿ ಬರುವಂಥ ಭಾವ ಬರುತ್ತದೆ.

ಆದರೆ ಗಾಲ್ಫಿನ ಜೊತೆ ನನ್ನ ನಂಟು ನನ್ನ ಗಂಡನ ನಂಟಿಗಿಂತ ಹಳೆಯದು. ಅದನ್ನು ಹೇಳದೆ ಮುಂದೆ ಹೋಗಲಾರೆ. ನಾನು ಹುಟ್ಟಿದ್ದು ಹಾಸನದ ಅಜ್ಜಿಯ ಮನೆಯಲ್ಲಾದರೂ ಬೆಳೆದದ್ದೆಲ್ಲ ದಿಲ್ಲಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಅಪ್ಪ ಒಂದು ಸಚಿವಾಲಯದಲ್ಲಿ ಸ್ಟೆನೋ. ನಮ್ಮ ಸಾಲು ಮನೆಗಳ ಹಿಂದೆ ಒಂದು ಗೋಡೆ, ಗೋಡೆಯಾಚೆ ಗಾಲ್ಫ್ ಮೈದಾನ. ಗೋಡೆ ಎತ್ತರವಾದ್ದರಿಂದ ಆಟ ನಮಗೆ ಕಾಣುತ್ತಿರಲಿಲ್ಲ, ಚೆಂಡು ಮಾತ್ರ ಬರುತ್ತಿತ್ತು. ಬಿಸಿಲಿಗೆ ಮಲಗಿದ ಮಧ್ಯಾಹ್ನ ಎಲ್ಲೋ 'ಟಕ್' ಎನ್ನುತ್ತಿತ್ತು, ಸ್ವಲ್ಪ ಹೊತ್ತಿಗೆ ಯಾರದೋ ತಾರಸಿಯ ಮೇಲೆ 'ಠಣ್' ಎನ್ನುತ್ತಿತ್ತು. ನಾವು ಮಕ್ಕಳು ಓಡುತ್ತಿದ್ದೆವು. ಆ ಚೆಂಡಿನಲ್ಲಿ ಕ್ರಿಕೆಟ್ ಆಡಲು ಹೋಗಿ ನಮ್ಮಣ್ಣ ಬ್ಯಾಟು ಸೀಳಿಕೊಂಡ. ಅಮ್ಮ ಒಂದನ್ನು ಹೊಲಿಗೆ ಡಬ್ಬದಲ್ಲಿ ಇಟ್ಟುಕೊಂಡಿದ್ದಳು. ಅಪ್ಪನ ಉಣ್ಣೆಯ ಕಾಲುಚೀಲ ಹಿಮ್ಮಡಿಯ ಹತ್ತಿರ ಹರಿದಾಗ ಚೆಂಡನ್ನು ಒಳಗೆ ತೂರಿಸಿ, ಉಬ್ಬಿದ ಜಾಗದ ಮೇಲೆ ಸೂಜಿ ಓಡಿಸುತ್ತಿದ್ದಳು. ಹಾಸನದಲ್ಲಿ ಕಾಲುಚೀಲವನ್ನೇ ಕಾಣದ ಅಮ್ಮ ದಿಲ್ಲಿಯ ಚಳಿಗೆ ಇಷ್ಟು ಕಲಿತಿದ್ದಳು. ಗೋಡೆಯಾಚೆ ಅವರೆಲ್ಲ ಏನು ಮಾಡುತ್ತಾರೆ ಎಂದು ಅಲ್ಲಿಯ ಮಾಲಿಯನ್ನು ಒಮ್ಮೆ ಕೇಳಿದ್ದೆ. "ಸಾಹೇಬ್ ಲೋಗ್ ಟಹಲ್ತೇ ಹೈಂ, ಬಿಟಿಯಾ," ಎಂದ. ವಾಕಿಂಗ್ ಮಾಡುತ್ತಾರಂತೆ. ವಾಕಿಂಗ್ ಮಾಡುವವರು ನಮ್ಮ ಮನೆಯ ಮೇಲೆ ಯಾಕೆ ಚೆಂಡು ಎಸೆಯಬೇಕು ಎಂಬುದು ಬಹಳ ದಿನ ನನಗೆ ಬಗೆಹರಿಯಲಿಲ್ಲ.

ಒಂದು ಬೇಸಿಗೆ ಅಮ್ಮ ತಾರಸಿಯಲ್ಲಿ ಹಳೆ ಪಂಚೆ ಹಾಸಿ ಅರಳು ಸಂಡಿಗೆ ಇಟ್ಟಿದ್ದಳು. ಚೆಂಡು ಬಂದು ಸರಿಯಾಗಿ ನಡುವೆ ಬಿತ್ತು. ಸ್ವಲ್ಪ ಹೊತ್ತಿಗೆ ಚೀಲ ಹೊರುವ ಆಳೊಬ್ಬ ಬಾಗಿಲಿಗೆ ಬಂದು ಸಾಹೇಬರ ಚೆಂಡು ಕೊಡಿ ಎಂದ. ಅಮ್ಮ ಸೊಂಟಕ್ಕೆ ಕೈಯಿಟ್ಟು ತನ್ನದೇ ಹಿಂದಿಯಲ್ಲಿ, "ಸಾಹೇಬ್ ಕೋ ಬುಲಾವ್. ಮೇರಾ ಸಂಡಿಗೆ ಕೋ ಸಾರೀ ಬೋಲೇಗಾ, ತಬ್ ಬಾಲ್ ದೇಗಾ," ಎಂದಳು. ಸಾಹೇಬರು ನಿಜಕ್ಕೂ ಬಂದರು. ಬಂದವರು ಅಪ್ಪನ ಮೇಲಧಿಕಾರಿಯ ಮೇಲಧಿಕಾರಿ. ಕಿಟಕಿಯಿಂದ ನೋಡಿದ ಅಪ್ಪ ಬಚ್ಚಲಿಗೆ ಹೋಗಿ ಅಗುಳಿ ಹಾಕಿಕೊಂಡರು. ಸಾಹೇಬರು ತಾರಸಿ ಹತ್ತಿ, ಸಂಡಿಗೆಯನ್ನು ಗಂಭೀರವಾಗಿ ನೋಡಿ, "ಸಾರಿ" ಎಂದು, ಚೆಂಡು ಪಡೆದು ಇಳಿದು ಹೋದರು. ಅಪ್ಪ ಆಮೇಲೆ ವಾರವೆಲ್ಲ ವರ್ಗಾವಣೆಯ ಆರ್ಡರಿಗೆ ಕಾದರು. ಅದು ಬರಲಿಲ್ಲ. ಅಮ್ಮನಿಗೆ ಅದು ಬರಬಹುದೆಂಬ ಯೋಚನೆಯೇ ಇರಲಿಲ್ಲ.

ಈಗ ಶ್ರೀಪತಿಯವರ ವಿಷಯ. ಅವರು ಜನ್ಮದಲ್ಲಿ ಗಾಲ್ಫ್ ಕೋಲು ಮುಟ್ಟಿದವರಲ್ಲ. ಅವರೂ ನನ್ನಂತೆಯೇ ಸರ್ಕಾರಿ ನೌಕರರು, ಬೇರೆ ಇಲಾಖೆ. ಮನೆಗೆ ಕೇಬಲ್ಲು ಬಂದು, ಅದರಲ್ಲಿ ಆಟದ ಚಾನೆಲ್ಲುಗಳು ಬಂದು, ಕ್ರಿಕೆಟ್ ಇಲ್ಲದ ದಿನ ಏನಾದರೂ ನೋಡಬೇಕಲ್ಲ ಎಂದು ನೋಡತೊಡಗಿ, ಒಂದೆರಡು ವರ್ಷದಲ್ಲಿ ಪಂಡಿತರಾದರು. ಅವರ ಜೊತೆಗಾರ ಪೈ. ಮಂಗಳೂರು ಕಡೆಯವರು, ಪೀತಮ್‌ಪುರದಲ್ಲಿ ಮನೆ. ಭಾನುವಾರ ಬಂತೆಂದರೆ ಮೆಟ್ರೋದ ಕಂಬ ನೆಡುವ ಅಗೆತವನ್ನೆಲ್ಲ ಸುತ್ತಿಕೊಂಡು, ಎರಡು ಬಸ್ಸು ಬದಲಾಯಿಸಿ, ಊರಿನ ಆ ತುದಿಯಿಂದ ಈ ತುದಿಗೆ ಕಡಲೆಕಾಯಿ ಪೊಟ್ಟಣದ ಸಮೇತ ಬರುತ್ತಿದ್ದರು. ಬಂದವರು ಟೀವಿಯನ್ನು ನೋಡುತ್ತಿದ್ದರೆಂದು ಹೇಳಲಾರೆ. ಇಬ್ಬರೂ ಎಣಿಸುತ್ತಿದ್ದರು.

"ಅಲ್ಲ ಮಾರಾಯ್ರೆ, ಮೂರು ಮೇಜರ್ ಇದ್ದವನನ್ನು ಒಂದೇ ಇದ್ದವನ ಪಕ್ಕ ಕೂರಿಸ್ತೀರಲ್ಲ ನೀವು!"

"ಪೈ, ಆ ಒಂದನ್ನು ಅವನು ಗೆದ್ದದ್ದು ಯಾರ ಎದುರಿಗೆ? ಅದನ್ನ ನೋಡಿ."

"ಎದುರಿಗೆ ಯಾರಿದ್ರೆ ನಮಗೆಂತ? ಎಣಿಕೆ ಎಣಿಕೆಯೇ."

ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಸೊಸೈಟಿಯ ಜನರೇಟರು ಶುರುವಾಗುವ ತನಕ ಕತ್ತಲಲ್ಲಿ, ಕಡಲೆಕಾಯಿ ಸಿಪ್ಪೆಯ ಸದ್ದಿನ ನಡುವೆ, ಎಣಿಕೆ ಮುಂದುವರಿಯುತ್ತಿತ್ತು. ಆ ಸಿಪ್ಪೆಯನ್ನು ಸೋಫಾದ ಸಂದಿಯಿಂದ ಹೆಕ್ಕುತ್ತಿದ್ದವಳು ಯಾರೆಂದು ನೀವೇ ಊಹಿಸಬಹುದು.

ಎಣಿಕೆ ಗಾಲ್ಫಿನಲ್ಲೇ ಇದ್ದಿದ್ದರೆ ನನ್ನ ತಕರಾರಿರಲಿಲ್ಲ. ಅದು ನಿಧಾನವಾಗಿ ಮನೆಯೊಳಗೆಲ್ಲ ಹರಡಿತು. ಪೈಯವರ ಮಗ ಐಐಟಿ ಸೇರಿದ್ದು ಒಂದು ಮೇಜರ್. ಷಡ್ಡಕರು ಕಾರು ಕೊಂಡಿದ್ದು ಮೇಜರ್ ಹೌದೋ ಅಲ್ಲವೋ ಎಂದು ಒಂದು ಭಾನುವಾರವೆಲ್ಲ ಚರ್ಚೆಯಾಗಿ, ಸೆಕೆಂಡ್ ಹ್ಯಾಂಡ್ ಆದ್ದರಿಂದ ಅಲ್ಲವೆಂದು ತೀರ್ಪಾಯಿತು. ನಾನು ಸೆಕ್ಷನ್ ಆಫೀಸರಾಗುವ ಇಲಾಖಾ ಪರೀಕ್ಷೆಗೆ ಮತ್ತೆ ಮತ್ತೆ ಕೂತು ಮತ್ತೆ ಮತ್ತೆ ಎದ್ದು ಬಂದವಳು. ಕೊನೆಯ ಸಲದ ಫಲಿತಾಂಶ ಬಂದ ದಿನ ಶ್ರೀಪತಿಯವರು ನನ್ನನ್ನು ಸಮಾಧಾನಪಡಿಸಲೆಂದೇ, ನಗುತ್ತಲೇ, "ಬಿಡೇ, ಎಷ್ಟೋ ಒಳ್ಳೊಳ್ಳೆ ಆಟಗಾರರಿಗೂ ಮೇಜರ್ ಬಂದಿರಲ್ಲ," ಎಂದರು. ಪೈ ಕೂಡ ತಲೆದೂಗಿದರು. ನನಗೆ ಮೈಯೆಲ್ಲ ಉರಿಯಿತು. ಬೆಳಗಿನ ಜಾವ ಎದ್ದು ಡಬ್ಬಿ ಕಟ್ಟಿ, ಜೋತಾಡುವ ಬಸ್ಸಿನಲ್ಲಿ ಯಮುನೆ ದಾಟಿ, ನಾಲ್ಕು ಜನರ ಕೆಲಸ ಒಬ್ಬಳೇ ಮಾಡಿ, ಸಂಜೆ ಅದೇ ಬಸ್ಸಿನಲ್ಲಿ ತೊಗರಿಬೇಳೆ ಸಮೇತ ಮರಳಿ ಬಂದದ್ದಕ್ಕೆ ಅವರ ಎಣಿಕೆಯಲ್ಲಿ ಕಾಲಂ ಇರಲಿಲ್ಲ. ಆ ಸಂಜೆ ಅವರಿಬ್ಬರಿಗೂ ಕಾಫಿ ಕೊಡಲಿಲ್ಲ. ಕೇಳುವ ಧೈರ್ಯವೂ ಅವರಿಗೆ ಬರಲಿಲ್ಲ.

ಹೀಗಿರುವಾಗ ಆ ವರ್ಷದ ಚಳಿಗಾಲಕ್ಕೆ ನಮ್ಮ ಊರಿನಲ್ಲೇ ಒಂದು ದೊಡ್ಡ ಪಂದ್ಯ ಎಂದು ಸುದ್ದಿಯಾಯಿತು. ಮೇಜರ್ ಗೆದ್ದ ವಿದೇಶದ ಆಟಗಾರನೊಬ್ಬ ಬರುತ್ತಾನಂತೆ. ಅವನ ಹೆಸರು ಬರೆಯುವುದಿಲ್ಲ, ಅವನಿಗೆ ಪ್ರಚಾರದ ಕೊರತೆಯೇನಿಲ್ಲ. 'ದೊಡ್ಡವನು' ಎಂದರೆ ಸಾಕು. ನಮ್ಮ ಸೊಸೈಟಿಯ ಮಿಸೆಸ್ ಚಡ್ಡಾ ಎಂಬಾಕೆಯ ಮೈದುನ ಆ ಪಂದ್ಯದ ಸ್ವಯಂಸೇವಕರನ್ನು ಒಟ್ಟುಮಾಡುತ್ತಿದ್ದ. ಶ್ರೀಪತಿ, ಪೈ ಇಬ್ಬರೂ ಮೊದಲ ದಿನವೇ ಹೆಸರು ಕೊಟ್ಟರು. ಇಬ್ಬರಿಗೂ ಸಿಕ್ಕಿದ್ದು ಕಾರ್ ಪಾರ್ಕಿಂಗ್, ಅದೂ ಬೆಳಿಗ್ಗೆ ಮಾತ್ರ. ಸ್ಕೋರಿನ ಹಲಗೆ ಹಿಡಿಯಲು ಹೆಂಗಸರು ಕಡಿಮೆಯಾಗಿದ್ದಾರೆ ಎಂದು ಚಡ್ಡಾ ನಮ್ಮ ಮನೆಗೆ ಬಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸುಧಾಜೀ, ಆಪ್ ತೋ ಲಂಬೀ ಭೀ ಹೋ, ಆಪ್ ಹೀ ಚಲೋ," ಎಂದಳು. ನಾನು ಉದ್ದವಾಗಿರುವುದು ಜೀವನದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು. ಶ್ರೀಪತಿಯವರು ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ತರಬೇತಿ ಒಂದು ಗಂಟೆ ನಡೆಯಿತು. ಮೂವರು ಆಟಗಾರರ ಒಂದು ಗುಂಪು. ಕೋಲಿನ ತುದಿಯಲ್ಲಿ ಅವರ ಹೆಸರಿರುವ ಹಲಗೆ. ಅದನ್ನು ಎತ್ತಿ ಹಿಡಿದು ಮೊದಲ ಎರಡು ದಿನವೂ ಅವರ ಹಿಂದೆ ನಡೆಯಬೇಕು, ಪ್ರತಿ ಗುಂಡಿ ಮುಗಿದ ಮೇಲೆ ಅಂಕೆ ಬದಲಿಸಬೇಕು. ಗಾಲ್ಫಿನಲ್ಲಿ ಕಡಿಮೆ ಏಟು ಹೊಡೆದವನೇ ಗೆದ್ದವನು. ನಿಗದಿಗಿಂತ ಕಡಿಮೆಯಾದರೆ ಕೆಂಪು ಅಂಕೆ, ಹೆಚ್ಚಾದರೆ ಕಪ್ಪು. ಇಷ್ಟು ವರ್ಷ ಆಫೀಸಿನಲ್ಲಿ ಕೆಂಪು ಶಾಯಿಗೆ ಹೆದರಿಕೊಂಡೇ ಬದುಕಿದ ನನಗೆ ಕೆಂಪು ಕಂಡಾಗ ಸಂತೋಷಪಡುವುದು ಅಭ್ಯಾಸವಾಗಲು ಅರ್ಧ ದಿನ ಹಿಡಿಯಿತು. ಮಿಕ್ಕ ನಿಯಮಗಳು ಇವು: ಆಟಗಾರರನ್ನು ನಾವಾಗಿ ಮಾತಾಡಿಸಬಾರದು. ಅವರು ಹೊಡೆಯುವಾಗ ಅಲುಗಾಡಬಾರದು. ಚಪ್ಪಾಳೆ ಕೂಡದು. ಬಾಯಿ ಬಿಡಲೇ ಕೂಡದು.

ನಾನು ಸೀರೆಯುಟ್ಟು, ಅದರ ಕೆಳಗೆ ಮಗಳ ಸ್ಪೋರ್ಟ್ಸ್ ಶೂ ಹಾಕಿ, ಮೇಲೆ ಈ ಟೋಪಿ ಇಟ್ಟು ಹೊರಟೆ. ಹತ್ತನೆಯ ಕ್ಲಾಸಿನ ನನ್ನ ಮಗಳು ಪಲ್ಲವಿ ಬಾಗಿಲಲ್ಲಿ ನಿಂತು, "ಅಮ್ಮಾ, ಪ್ಲೀಸ್ ಯಾರ್, ಕಿಸೀಕೋ ಬತಾನಾ ಮತ್ ನೀನು ನಮ್ಮಮ್ಮ ಅಂತ," ಎಂದಳು. ಯಾರಿಗೂ ಹೇಳಬಾರದಂತೆ.

ಮೊದಲ ಗುಂಡಿಯಲ್ಲೇ ಎಡವಟ್ಟಾಯಿತು. ಒಬ್ಬ ಆಟಗಾರ ಚೆಂಡಿನ ಮೇಲೆ ಬಾಗಿ, ಗಾಳಿ ಕೂಡ ನಿಂತಂತೆ ಎಲ್ಲ ನಿಶ್ಶಬ್ದವಾಗಿರುವಾಗ, ನಾನು ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ. ಎರಡೂ ಕೈ ತುಂಬ ಗಾಜಿನ ಬಳೆ. ದೇವಸ್ಥಾನದಲ್ಲಿ ಮಂಗಳಾರತಿ ಶುರುವಾದಂತೆ ಸದ್ದಾಯಿತು. ಆಟಗಾರ ನೆಟ್ಟಗಾದ. ಹಸಿರು ಕೋಟಿನ ಮೇಲ್ವಿಚಾರಕ ನನ್ನನ್ನು ಸುಟ್ಟುಬಿಡುವಂತೆ ನೋಡಿ, ಬಳೆ ತೆಗೆಯಲು ಕೈಸನ್ನೆ ಮಾಡಿದ. ಬಳೆಯನ್ನಂತೂ ನಾನು ತೆಗೆಯುವವಳಲ್ಲ. ಒಂದು ಕೈಗೆ ಕರವಸ್ತ್ರ, ಇನ್ನೊಂದಕ್ಕೆ ತಿಂಡಿ ಡಬ್ಬಿಯ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿಕೊಂಡೆ. ನೋಡಿದವರು ಎರಡೂ ಕೈಗೆ ಪೆಟ್ಟಾಗಿದೆಯೆಂದು ಮರುಗಿರಬೇಕು.

ನನ್ನ ಗುಂಪಿನಲ್ಲಿ ಇಬ್ಬರು ಚಿಗುರು ಮೀಸೆಯ ಹೊಸಬರು. ಮೂರನೆಯವನಿಗೆ ನಲವತ್ತು ದಾಟಿತ್ತು. ಸಣ್ಣ ಹೊಟ್ಟೆ, ಮೊಣಕಾಲಿಗೆ ಪಟ್ಟಿ, ತೊಳೆದು ತೊಳೆದು ಬಣ್ಣ ಮಾಸಿದ ಪ್ಯಾಂಟು. ಹಲಗೆಯ ಮೇಲೆ ಅವನ ಹೆಸರು ನಂಜುಂಡ ಎಂದಿತ್ತು. ಐದನೆಯ ಗುಂಡಿಯಲ್ಲಿ ಒಂದೇ ಮೊಳ ದೂರದ ಚೆಂಡನ್ನು ಅವನು ಒಳಗೆ ಹಾಕಲಾರದೆ ಹೋದಾಗ ನನ್ನ ಬಾಯಿಂದ ತಡೆಯಲಾಗದೆ "ಅಯ್ಯೋ ರಾಮ!" ಹೊರಟುಬಿಟ್ಟಿತು. ಮೇಲ್ವಿಚಾರಕ ಮತ್ತೆ ಸುಟ್ಟ. ನಂಜುಂಡ ಮಾತ್ರ ತಿರುಗಿ ನೋಡಿ ನಕ್ಕ.

"ಕನ್ನಡದೋರಾ ಅಮ್ಮಾ?"

ಮಾತಾಡುವಂತಿಲ್ಲವಲ್ಲ, ತಲೆಯಾಡಿಸಿದೆ.

"ನಮ್ಮಮ್ಮಾನೂ ಹಿಂಗೇ ಅಂತಿದ್ರು. ಡೆಲ್ಲೀಲಿ ಇದನ್ನ ಕೇಳ್ತೀನಿ ಅಂತ ಅನ್ಕೊಂಡೇ ಇರ್ಲಿಲ್ಲ."

ಅವನಾಗಿ ಮಾತಾಡಿಸಿದರೆ ಉತ್ತರ ಕೊಡಬಹುದೆಂದು ನಾನೇ ನಿಯಮ ಮಾಡಿಕೊಂಡೆ. ಒಂದು ಗುಂಡಿಯಿಂದ ಇನ್ನೊಂದಕ್ಕೆ ನಡೆಯುವ ದಾರಿಯುದ್ದಕ್ಕೂ ಮಾತಾಯಿತು. ಬೆಂಗಳೂರಿನವನು. ಚಿಕ್ಕವನಿದ್ದಾಗ ಗಾಲ್ಫ್ ಮೈದಾನದಲ್ಲಿ ಆಟಗಾರರ ಚೀಲ ಹೊರಲು ಸೇರಿ, ಯಾರೂ ಇಲ್ಲದ ಸೋಮವಾರಗಳಲ್ಲಿ ಮುರಿದ ಕೋಲು ಹಿಡಿದು ಆಡಿ ಕಲಿತವನು. ಈಗ ಅವನ ಚೀಲ ಹೊರುತ್ತಿದ್ದವನು ಅವನ ಭಾವಮೈದುನ.

"ಇದು ಈ ವರ್ಷದ್ದು ಲಾಸ್ಟು ಪಂದ್ಯ ಅಮ್ಮ," ಎಂದ. "ನಾಳೆ ಸಂಜೆ ಅರ್ಧ ಜನಾನ ಮನೆಗೆ ಕಳಿಸ್ತಾರೆ, ಅದಕ್ಕೆ ಕಟ್ ಅಂತಾರೆ. ನಾನು ಕಟ್ ದಾಟಿದ್ರೆ ಮುಂದಿನ ವರ್ಷಕ್ಕೆ ಕಾರ್ಡು ಉಳಿಯತ್ತೆ, ಆಡ್ತೀನಿ. ಇಲ್ಲಾಂದ್ರೆ ಕಾರ್ಡು ಹೋಯ್ತು. ಮತ್ತೆ ಈ ಹುಡುಗ್ರ ಜೊತೆ ಅರ್ಹತಾ ಪಂದ್ಯಕ್ಕೆ ಲೈನಲ್ಲಿ ನಿಲ್ಬೇಕು. ಈ ಮೊಣಕಾಲು ಇಟ್ಕೊಂಡು."

ಅಲ್ಲಿಗೆ ನನ್ನ ನಿಷ್ಪಕ್ಷಪಾತತನ ಮುಗಿಯಿತು. ಅವನಿಗೆ ಕೆಂಪು ಅಂಕೆ ಹಾಕುವಾಗ ಹಲಗೆಯನ್ನು ಗೇಣು ಹೆಚ್ಚು ಎತ್ತರಕ್ಕೆ ಎತ್ತುತ್ತಿದ್ದೆ. ಕಪ್ಪು ಹಾಕಬೇಕಾದಾಗ ಪೊದೆಯ ಹತ್ತಿರ ನಿಲ್ಲುತ್ತಿದ್ದೆ. ಅಂಕೆಯನ್ನು ಸುಳ್ಳು ಮಾಡಲಿಲ್ಲ ಅಷ್ಟೆ, ನಾನು ಸರ್ಕಾರಿ ನೌಕರಿಯವಳು.

ಆದರೆ ಎತ್ತಿ ಹಿಡಿದ ಆ ಹಲಗೆಯನ್ನು ನೋಡುವವರು ಯಾರಿದ್ದರು? ನಮ್ಮ ಹಿಂದೆ ಒಂದು ಗುಂಪು ಬಿಟ್ಟು ದೊಡ್ಡವನು ಬರುತ್ತಿದ್ದ. ಜನರೆಲ್ಲ ಅವನ ಕಡೆಯವರು. ಅವನು ಒಂದು ಗುಂಡಿಯಲ್ಲಿರುವಾಗಲೇ ಮುಂದಿನದರಲ್ಲಿ ಒಳ್ಳೆಯ ಜಾಗ ಹಿಡಿಯಲು ಗುಂಪು ಗುಂಪಾಗಿ ಓಡಿ ಬರುತ್ತಿದ್ದರು. ನಮ್ಮವರು ಆಡುತ್ತಿದ್ದಾರೆಂಬ ಪರಿವೆಯೇ ಇಲ್ಲದೆ ಹಗ್ಗದ ಪಕ್ಕದಲ್ಲಿ ಮಾತು, ನಗು, ಮೊಬೈಲು. ನಂಜುಂಡ ಚೆಂಡಿನ ಮೇಲೆ ಬಾಗುವುದು, ಯಾರೋ ಅಡ್ಡ ಓಡುವುದು, ಇವನು ನೆಟ್ಟಗಾಗುವುದು, ಮತ್ತೆ ಬಾಗುವುದು. ಒಂದು ಸಲವೂ ಮುಖ ಗಂಟಿಕ್ಕಲಿಲ್ಲ. ದೊಡ್ಡವನು ಹೊಡೆಯುವಾಗ ಇದೇ ಜನ ಸೀನು ಬಂದರೂ ನುಂಗಿಕೊಳ್ಳುತ್ತಿದ್ದರು.

ಎರಡನೆಯ ದಿನ, ಹದಿನೆಂಟನೆಯ ಗುಂಡಿ, ಕೊನೆಯದು. ನಂಜುಂಡನ ಚೆಂಡು ಗುಂಡಿಯಿಂದ ಎರಡು ಮಾರು ದೂರದಲ್ಲಿ ನಿಂತಿತ್ತು. ಹುಡುಗರಿಬ್ಬರೂ ಮುಗಿಸಿ ಪಕ್ಕಕ್ಕೆ ಸರಿದಿದ್ದರು. ಭಾವಮೈದುನ ನನ್ನ ಹತ್ತಿರ ಬಂದು ಪಿಸುಗುಟ್ಟಿದ: "ಇದನ್ನ ಒಂದೇ ಏಟಿಗೆ ಹಾಕಿದ್ರೆ ಉಳ್ಕೊಂಡ್ರು. ಎರಡಾದ್ರೆ ಇಲ್ಲ." ನಾನು ಹಲಗೆಯ ಕೋಲನ್ನು ಎರಡೂ ಕೈಯಲ್ಲಿ ಬಿಗಿಹಿಡಿದೆ. ಇಲಾಖಾ ಪರೀಕ್ಷೆಯಲ್ಲಿ ಪೆನ್ನನ್ನೂ ಅಷ್ಟು ಬಿಗಿಯಾಗಿ ಹಿಡಿದಿರಲಿಲ್ಲ.

ಅವನು ಬಾಗಿದ. ಹಗ್ಗದಾಚೆ ಜನ ದಡದಡ ಬರತೊಡಗಿದರು. ದೊಡ್ಡವನಿಗಾಗಿ ಜಾಗ ಹಿಡಿಯಬೇಕಲ್ಲ! ನಂಜುಂಡ ನೆಟ್ಟಗಾದ. ಕಾದ. ಮತ್ತೆ ಬಾಗಿದ. ಆಗ ಸರಿಯಾಗಿ ನನ್ನ ಬೆನ್ನ ಹಿಂದೆ, ಹತ್ತು ಹೆಜ್ಜೆಯಾಚೆ, ಪರಿಚಿತ ಸ್ವರ ಕೇಳಿಸಿತು.

"ಇಲ್ಲೇ ನಿಲ್ಲುವ ಮಾರಾಯ್ರೆ, ಅವ ಹೊಡೆಯುವುದು ಚಂದ ಕಾಣ್ತದೆ."

"ಈಗ ಆಡ್ತಿರೋನು ಯಾರು?"

"ಯಾರೋ ಲೋಕಲ್. ಮೇಜರ್ ಗೀಜರ್ ಎಂತದೂ ಇಲ್ಲ. ಬನ್ನಿ ಬನ್ನಿ, ಈಚೆ ಬನ್ನಿ."

ಪಾರ್ಕಿಂಗ್ ಮುಗಿಸಿ ಬಂದಿದ್ದರು ನನ್ನ ಗಂಡ ಮತ್ತು ಪೈ. ನಂಜುಂಡ ಮತ್ತೆ ನೆಟ್ಟಗಾದ. ಅವನ ಕತ್ತಿನ ಮೇಲೆ ಬೆವರು ಇಳಿಯುತ್ತಿತ್ತು. ನನಗೆ ಆಮೇಲೆ ಏನಾಯಿತೋ ಸರಿಯಾಗಿ ಹೇಳಲಾರೆ. ಹಲಗೆಯ ಕೋಲನ್ನು ನೆಲಕ್ಕೆ ಕುಟ್ಟಿ, ತಿರುಗಿ ನಿಂತು, ಹಸಿರು ಕೋಟಿನವರ, ಟೀವಿ ಕ್ಯಾಮೆರಾದವರ, ಕಪ್ಪು ಕನ್ನಡಕದವರ, ಎಲ್ಲರ ಎದುರಿಗೆ ಗಂಟಲು ಹರಿಯುವಂತೆ ಕೂಗಿದೆ.

"ರೀ! ಎಲ್ಲಿದ್ದೀರೋ ಅಲ್ಲೇ ನಿಂತ್ಕೊಳ್ಳಿ! ಒಬ್ಬ ಮನುಷ್ಯ ಆಡ್ತಿರೋದು ಕಣ್ಣಿಗೆ ಕಾಣಲ್ವಾ ನಿಮಗೆ? ಸಬ್ ಲೋಗ್ ಖಡೇ ರಹೋ! ಏಕ್‌ದಮ್ ಚುಪ್!"

ಗೋಡೆಯಾಚೆಯ ಸಾಹೇಬರನ್ನು ತಾರಸಿ ಹತ್ತಿಸಿದವಳ ಮಗಳು ನಾನು. ಶ್ರೀಪತಿಯವರ ಒಂದು ಕಾಲು ಎತ್ತಿದ್ದು ಎತ್ತಿದಲ್ಲೇ ಉಳಿಯಿತು. ಪೈಯವರ ಕೈಯ ಕಡಲೆಕಾಯಿ ಬಾಯಿಗೆ ಹೋಗಲಿಲ್ಲ. ಅವರ ಹಿಂದೆ ನೂರಾರು ಜನ ಇದ್ದಲ್ಲೇ ನಿಂತರು. ಎಲ್ಲೋ ಒಂದು ಗಿಳಿ ಕೂಗಿದ್ದು ಬಿಟ್ಟರೆ ಇಡೀ ಮೈದಾನದಲ್ಲಿ ಸದ್ದಿಲ್ಲ.

ನಂಜುಂಡ ಸುತ್ತ ಒಮ್ಮೆ ನೋಡಿದ. ಅಷ್ಟು ಮುಖಗಳು, ಎಲ್ಲವೂ ಅವನ ಕಡೆಗೆ. ಬಾಗಿದ. ಹೊಡೆದ. ಚೆಂಡು ನೆಟ್ಟಗೆ ಹೊರಟು, ಗುಂಡಿಯ ಬಾಯಿಗೆ ಬಂದು, ಅಂಚನ್ನು ಅರ್ಧ ಸುತ್ತಿ, ಹೊರಗೆ ಬಂದು ನಿಂತಿತು.

ಅವನು ಹೋಗಿ ಅದನ್ನು ಮೆಲ್ಲಗೆ ಒಳಗೆ ತಳ್ಳಿ, ಟೋಪಿ ತೆಗೆದು, ಹುಡುಗರ ಕೈಕುಲುಕಿದ. ನಾನು ಕಣ್ಣು ಮಂಜಾಗಿ ಅಂಕೆ ಹುಡುಕಲು ತಡವರಿಸುತ್ತಿದ್ದೆ. ಕಪ್ಪು ಅಂಕೆ ಹಾಕಿದೆ. ಈ ಸಲ ಪೊದೆಯ ಮರೆಗೆ ಹೋಗಲಿಲ್ಲ. ಹಲಗೆಯನ್ನು ಕೈ ನೋಯುವಷ್ಟು ಎತ್ತರಕ್ಕೆ ಎತ್ತಿ ಹಿಡಿದೆ. ನೋಡಲಿ ಎಲ್ಲರೂ.

ಪದ್ಧತಿಯಂತೆ ಅವನು ಕೊನೆಯಲ್ಲಿ ನನ್ನ ಕೈಯನ್ನೂ ಕುಲುಕಲು ಬಂದ. ಏನು ಹೇಳಬೇಕೋ ತಿಳಿಯದೆ, "ಇಷ್ಟು ಹತ್ತಿರ ಬಂತಲ್ಲಪ್ಪ," ಎಂದೆ.

ನಂಜುಂಡ ನಕ್ಕ. "ಏನ್ಮಾಡೋದಮ್ಮ. ಇಷ್ಟು ವರ್ಷ ಆಡಿದೀನಿ, ನಂಗೋಸ್ಕರ ಇಷ್ಟು ಜನ ಯಾವತ್ತೂ ಸುಮ್ನೆ ನಿಂತಿಲ್ಲ. ಸದ್ದಿದ್ರೆ ನಂಗೆ ಅಭ್ಯಾಸ. ಸುಮ್ನಾಗ್ಬಿಟ್ರಲ್ಲ, ಕೈ ನಡುಗ್ಬಿಡ್ತು."

ನೀವೀಗ ನನ್ನ ಕಡೆ ನೋಡುತ್ತೀರಿ, ಗೊತ್ತು. ಕೂಗಬಾರದಿತ್ತು ಎನ್ನುತ್ತೀರಿ. ಶ್ರೀಪತಿಯವರೂ ಹಾಗೇ ಅನ್ನುತ್ತಾರೆ. ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ದೊಡ್ಡವನಿಗೆ ಹುಟ್ಟಿದಾಗಿನಿಂದ ಕೊಟ್ಟ ನಿಶ್ಶಬ್ದವನ್ನು ಇವನಿಗೆ ನಲವತ್ತು ದಾಟಿದ ಮೇಲೆ ಒಂದು ನಿಮಿಷ ಕೊಟ್ಟದ್ದು ತಪ್ಪಾದರೆ, ಆ ತಪ್ಪನ್ನು ಇನ್ನೊಮ್ಮೆ ಮಾಡುತ್ತೇನೆ. ಅವನಿಗೂ ಅದನ್ನೇ ಹೇಳಿದೆ, ಸ್ವಲ್ಪ ಸಿಟ್ಟಿನಿಂದಲೇ.

"ಹಾಗಾದ್ರೆ ಅಭ್ಯಾಸ ಮಾಡ್ಕೊಳ್ಳಿ."

ಅವನು ಕೈಯಲ್ಲಿದ್ದ ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡ. ಆಮೇಲೆ ಸ್ಕೋರಿಗೆ ಸಹಿ ಹಾಕುವ ಡೇರೆಯ ಒಳಗೆ ಹೋದ.

ಹಸಿರು ಕೋಟಿನವನು ನನ್ನ ಹಲಗೆಯನ್ನು ಕಿತ್ತುಕೊಂಡು, ನಾಳೆಯಿಂದ ಬರುವುದು ಬೇಡ ಎಂದ. ಬರುವ ಮನಸ್ಸೂ ಇರಲಿಲ್ಲ, ನಾನೇ ಮೊದಲು ಹೇಳಬೇಕಿತ್ತು ಎಂದು ಬೇಸರವಾಯಿತು. ಕೈಗೆ ಕಟ್ಟಿದ್ದ ಬಟ್ಟೆ ಬಿಚ್ಚುತ್ತಾ ಗೇಟಿನ ಕಡೆ ಹೊರಟೆ. ದಾರಿಯಲ್ಲಿ, ಡೇರೆಯ ಹಿಂಭಾಗದಲ್ಲಿ, ಅಭ್ಯಾಸಕ್ಕೆಂದೇ ಬಿಟ್ಟ ಒಂದು ಹುಲ್ಲಿನ ಅಂಕಣವಿತ್ತು. ಅಲ್ಲಿ ಒಬ್ಬನೇ ಒಬ್ಬ ಆಟಗಾರನಿದ್ದ. ಭಾವಮೈದುನ ಚೀಲಕ್ಕೆ ಒರಗಿ ಕುಳಿತಿದ್ದ. ನಂಜುಂಡ ಗುಂಡಿಯಿಂದ ಎರಡು ಮಾರು ದೂರದಲ್ಲಿ ಚೆಂಡಿಟ್ಟು, ಬಾಗಿ, ಹೊಡೆದು, ಮತ್ತೆ ತಂದಿಟ್ಟು, ಮತ್ತೆ ಬಾಗುತ್ತಿದ್ದ. ಕಾರ್ಡು ಹೋಗಿ ಕಾಲು ಗಂಟೆಯೂ ಆಗಿರಲಿಲ್ಲ. ನಾನು ಹಗ್ಗದ ಹತ್ತಿರ ನಿಂತೆ.

ಶ್ರೀಪತಿಯವರು ಏದುಸಿರು ಬಿಡುತ್ತಾ ಬಂದರು, ಹಿಂದೆ ಪೈ. "ಇಲ್ಲೇನು ಮಾಡ್ತಿದ್ದೀಯೆ? ದೊಡ್ಡವನು ಕೊನೇ ಗುಂಡಿಗೆ ಬಂದ, ಜನ ಹೇಗೆ ಸೇರಿದ್ದಾರೆ ಗೊತ್ತಾ! ಬಾ ಬೇಗ."

"ನೀವು ಹೋಗಿ. ನಾನು ಪಂದ್ಯ ನೋಡ್ತಿದ್ದೀನಿ."

"ಯಾವ ಪಂದ್ಯ? ಅವನದು ಮುಗೀತಲ್ಲೇ!"

ನಂಜುಂಡ ಚೆಂಡಿನ ಮೇಲೆ ಬಾಗಿದ್ದ.

"ಶ್!" ಎಂದೆ. "ಆಡ್ತಿದ್ದಾರೆ."

ಆ ಕಡೆಯಿಂದ ದೊಡ್ಡವನ ಜನರ ಚಪ್ಪಾಳೆ ಕೇಳಿಬಂತು. ಶ್ರೀಪತಿಯವರು ಒಮ್ಮೆ ಅತ್ತ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಪೈಯವರ ಕೈಯಿಂದ ಕಡಲೆಕಾಯಿ ಪೊಟ್ಟಣವನ್ನು ಸದ್ದಾಗದಂತೆ ತೆಗೆದುಕೊಂಡು ಜೇಬಿಗಿಟ್ಟರು, ಮತ್ತು ಮೂವರೂ ಅಲುಗಾಡದೆ ನಿಂತೆವು.